ಸಹಾಯ ಬೇಕು: ಅಪ್ಪನಿಗೆ ಹಸಿವೇ ಇಲ್ಲ, ಗಾಂಜಾ ಮೂಲದ ಔಷಧಿ ಬಗ್ಗೆ ಗೊತ್ತಿದ್ದವರು ಹೇಳಿ

ಎಲ್ಲರಿಗೂ ನಮಸ್ಕಾರ. ನಾವು ಗದಗಿನವರು. ಅಪ್ಪನಿಗೆ 67 ವರ್ಷ, ಹೊಟ್ಟೆ ಕ್ಯಾನ್ಸರ್. ಹುಬ್ಬಳ್ಳಿಯಲ್ಲಿ ಕಿಮೋ ನಡೆಯುತ್ತಿದೆ. ಐದು ತಿಂಗಳಲ್ಲಿ ತೂಕ 61 ಕಿಲೋದಿಂದ 45ಕ್ಕೆ ಇಳಿದಿದೆ. ಶೇಂಗಾ ಹಿಂಡಿ ಹಚ್ಚಿಕೊಂಡು ಎರಡು ಬಿಸಿ ರೊಟ್ಟಿ ತಿನ್ನುತ್ತಿದ್ದವರು. ಈಗ ಒಂದು ತುಂಡನ್ನು ಮಜ್ಜಿಗೆಯಲ್ಲಿ ನೆನೆಸಿ ಕೊಟ್ಟರೂ ನುಂಗದೆ ಬಾಯಲ್ಲೇ ಇಟ್ಟುಕೊಂಡು ಕೂರುತ್ತಾರೆ. ಒಗ್ಗರಣೆ ವಾಸನೆ ಬಂದರೆ ಸಾಕು, ಮುಖ ತಿರುಗಿಸುತ್ತಾರೆ. ಉಂಗುರ ಜಾರುತ್ತೆ ಅಂತ ಅವ್ವ ಅದಕ್ಕೆ ದಾರ ಸುತ್ತಿದ್ದಾಳೆ.

ಅಮೆರಿಕದಲ್ಲಿ ಡ್ರೊನಾಬಿನಾಲ್ ಅನ್ನೋ ಕ್ಯಾಪ್ಸೂಲ್ ಇದೆ. ಗಾಂಜಾದಲ್ಲಿರುವ ಟಿಎಚ್‌ಸಿ ಅನ್ನೋ ಮತ್ತೇರಿಸುವ ಅಂಶವನ್ನೇ ಲ್ಯಾಬಿನಲ್ಲಿ ತಯಾರಿಸಿದ್ದು. ಏಡ್ಸ್ ರೋಗಿಗಳಿಗೆ ಹಸಿವು ಹೋಗಿ ತೂಕ ಇಳಿದಾಗ ಕೊಡಲು 1992ರಲ್ಲೇ ಅಲ್ಲಿ ಒಪ್ಪಿಗೆ ಸಿಕ್ಕಿದೆ. ಆದರೆ 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕ್ಯಾನ್ಸರ್ ರೋಗಿಗಳಿಗೆ ಇದಕ್ಕಿಂತ ಹಸಿವು ಹೆಚ್ಚಿಸುವ ಮೆಜೆಸ್ಟ್ರಾಲ್ ಔಷಧಿಯೇ ಜಾಸ್ತಿ ಕೆಲಸ ಮಾಡಿತ್ತು. ಅಪ್ಪನಿಗೆ ಹಿಂದೆ ಕಾಲಲ್ಲಿ ರಕ್ತ ಹೆಪ್ಪುಗಟ್ಟಿತ್ತು, ಮೆಜೆಸ್ಟ್ರಾಲ್‌ನಿಂದ ಮತ್ತೆ ಹಾಗಾಗಬಹುದು, ಬೇಡ ಅಂದರು ಡಾಕ್ಟರ್.

ನಮ್ಮಲ್ಲಿ ಆಯುರ್ವೇದ ವೈದ್ಯರು 'ವಿಜಯಾ' ಹೆಸರಿನಲ್ಲಿ ಭಂಗಿ ಎಲೆಯ ಔಷಧಿಯನ್ನು ಚೀಟಿ ಬರೆದು ಕೊಡುತ್ತಾರೆ. ಪರಿಚಯದವರೊಬ್ಬರು ಗಾಂಜಾನೇ ತಂದು ಕೊಡ್ತೀನಿ ಅಂದರು. ಮಾದಕ ವಸ್ತು ತಡೆಯುವ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಅದು ಅಪರಾಧ, ಕೈಮುಗಿದು ಬೇಡ ಅಂದೆ.

ಹುಬ್ಬಳ್ಳಿ-ಧಾರವಾಡ ಕಡೆ ಯಾರಾದರೂ ಕ್ಯಾನ್ಸರ್ ಡಾಕ್ಟರಿಗೆ ತಿಳಿಸಿಯೇ ಈ ವಿಜಯಾ ಔಷಧಿ ಕೊಟ್ಟಿದ್ದೀರಾ? ತಲೆಸುತ್ತು, ಮಂಪರು ಬಂತಾ? ಅಪ್ಪ ರಾತ್ರಿ ಒಬ್ಬರೇ ಎದ್ದು ಬಚ್ಚಲಿಗೆ ಹೋಗುತ್ತಾರೆ, ಬಿದ್ದರೆ ಏನು ಗತಿ ಅನ್ನೋ ಭಯ. ಮಾನಸಿಕ ಕಾಯಿಲೆಗೆ ಕೊಡುವ ಓಲಾಂಜಪಿನ್ ಮಾತ್ರೆಯನ್ನು ಕಡಿಮೆ ಡೋಸಿನಲ್ಲಿ ಕೊಟ್ಟು ಹಸಿವು ಬಂದವರಿದ್ದರೂ ಹೇಳಿ. ಸೋಮವಾರ ಮುಂದಿನ ಕಿಮೋ, ಅಷ್ಟರೊಳಗೆ ಡಾಕ್ಟರ್ ಹತ್ತಿರ ಏನೇನು ಕೇಳಬೇಕು ಅಂತ ತಿಳಿಸಿ, ದಯವಿಟ್ಟು.