ಕಮಾನು ಬರಹದಲ್ಲಿ ಒತ್ತಕ್ಷರ ಕಳಚಿಕೊಳ್ಳುತ್ತಿದೆ, ಏನು ಮಾಡಲಿ?

ಪ್ರಶ್ನೆ (ಸಾಗರ, ಸ್ಟಿಕರ್ ಅಂಗಡಿ):
ಸರ್, ಬಸ್ಸಿನ ಮುಂದಿನ ಗಾಜಿಗೆ ‘ಶ್ರೀ ಸಿಗಂದೂರು ಚೌಡೇಶ್ವರಿ ಪ್ರಸನ್ನ’ ಅಂತ ಕಮಾನಿನ ಹಾಗೆ ಬೇಕಂತೆ. ಅಗಲ 4 ಅಡಿ, ನಡುವೆ 3 ಇಂಚು ಮೇಲೇಳಬೇಕು. ಕೋರೆಲ್ ಡ್ರಾ ಡಿಸೈನ್ ಸಾಫ್ಟ್‌ವೇರ್‌ನಲ್ಲಿ ಹಳೇ ನುಡಿ ಫಾಂಟ್ ಹಾಕಿ, ಬರಹವನ್ನು ಬಾಗಿದ ಗೆರೆಯ (ಪಾತ್) ಮೇಲೆ ಕೂರಿಸುವ ‘ಫಿಟ್ ಟೆಕ್ಸ್ಟ್ ಟು ಪಾತ್’ ಕೊಟ್ಟೆ. ‘ನ’ ಒಂದು ಕಡೆ ವಾಲುತ್ತದೆ, ಅದರ ಒತ್ತು ಇನ್ನೊಂದು ಕಡೆ. ಒಂದೊಂದೇ ಎಳೆದು ಕೂರಿಸಿ ಸಾಕಾಯ್ತು. ಗಾಡಿ ನಾಳಿದ್ದೇ ಬರುತ್ತದೆ!

ಉತ್ತರ (ಶಿವಮೊಗ್ಗ, ಡಿಸೈನರ್):
ತಪ್ಪು ನಿಮ್ಮದಲ್ಲ ಮಾರಾಯ್ರೆ. ಹಳೇ ನುಡಿ ಫಾಂಟಿನಲ್ಲಿ ‘ನ’ ಬೇರೆ ಅಕ್ಷರ, ಒತ್ತು ಬೇರೆ ಅಕ್ಷರ. ಪಾತ್ ಮೇಲೆ ಹತ್ತಿಸಿದರೆ ಕೋರೆಲ್ ಎರಡನ್ನೂ ಬೇರೆ ಬೇರೆಯಾಗಿಯೇ ತಿರುಗಿಸುತ್ತದೆ.

ನಿಮಗೆ ಬೇಕಾಗಿರುವುದು ಪಾತ್ ಅಲ್ಲ, ಇಡೀ ಬರಹವನ್ನು ಒಟ್ಟಿಗೇ ಬಗ್ಗಿಸುವ ಎನ್ವಲಪ್. ಮೊದಲು ನೇರವಾಗಿ ಟೈಪ್ ಮಾಡಿ, ಕಾಗುಣಿತ ಎರಡು ಸಲ ನೋಡಿ, ಒಂದು ಕಾಪಿ ಪಕ್ಕಕ್ಕಿಡಿ. ಆಮೇಲೆ ಕಂಟ್ರೋಲ್ ಕೆ ಒತ್ತಿ. ಮೊದಲ ಸಲಕ್ಕೆ ಪದಗಳು ಬಿಡಿಯಾಗುತ್ತವೆ, ಇನ್ನೊಂದು ಸಲಕ್ಕೆ ಅಕ್ಷರಗಳು. ಎಲ್ಲ ಸೆಲೆಕ್ಟ್ ಮಾಡಿ ವೆಲ್ಡ್ ಕೊಡಿ, ಒತ್ತು ಅಕ್ಷರಕ್ಕೆ ಬೆಸೆದುಕೊಳ್ಳುತ್ತದೆ. ಸುಮ್ನೆ ಕಂಟ್ರೋಲ್ ಕ್ಯೂ ಒತ್ತಿ (ಬರಹವನ್ನು ಬರೀ ಆಕಾರವಾಗಿಸಿ) ಮುಗಿಸಿಬಿಟ್ಟರೆ ಒತ್ತು ಅಕ್ಷರಕ್ಕೆ ತಾಗುವ ಜಾಗದಲ್ಲಿ ತೂತು ಬೀಳುತ್ತದೆ, ಸ್ಟಿಕರ್ ಕತ್ತರಿಸುವ ಪ್ಲಾಟರ್ ಯಂತ್ರ ಅದನ್ನೂ ನಿಯತ್ತಾಗಿ ಕತ್ತರಿಸಿ ಕೊಡುತ್ತದೆ. ನಾನೇ ಹೀಗೆ ಒಂದು ಇಡೀ ಶೀಟ್ ಹಾಳು ಮಾಡಿದ್ದೇನೆ.

ಈಗ ಎನ್ವಲಪ್ ಟೂಲ್ ಹಿಡಿದು ‘ಸಿಂಗಲ್ ಆರ್ಕ್’ ಆರಿಸಿ. ಕಂಟ್ರೋಲ್ ಒತ್ತಿಕೊಂಡೇ ಮೇಲಿನ ನಡು ಚುಕ್ಕಿಯನ್ನು 3 ಇಂಚು ಎಳೆಯಿರಿ. ಕೆಳಗಿನ ಚುಕ್ಕಿಯೂ ಅಷ್ಟೇ ಮೇಲೆ ಬರುತ್ತದೆ, ಅಕ್ಷರದ ಎತ್ತರ ಎಲ್ಲ ಕಡೆ ಒಂದೇ ಇರುತ್ತದೆ.

ಪ್ರಶ್ನೆ (ಸಾಗರ):
ಆಯ್ತು ಸರ್, ಒತ್ತು ಅಲ್ಲಾಡಲಿಲ್ಲ! ಆದ್ರೆ ‘ಶ್ರೀ’ ಸ್ವಲ್ಪ ಓರೆಯಾಗಿ ಕಾಣುತ್ತದೆ ಅಲ್ವಾ?

ಉತ್ತರ:
ಹೌದು, ಎನ್ವಲಪ್ ಅಕ್ಷರವನ್ನು ತಿರುಗಿಸುವುದಿಲ್ಲ, ಮೇಲೆ ಕೆಳಗೆ ಜಾರಿಸುತ್ತದೆ. 4 ಅಡಿಗೆ 3 ಇಂಚು ಅಂದ್ರೆ ತುದಿಯಲ್ಲಿ ಸುಮಾರು 14 ಡಿಗ್ರಿ ಓರೆ, ರಸ್ತೆಯಲ್ಲಿ ನಿಂತು ನೋಡುವವರಿಗೆ ಗೊತ್ತಾಗುವುದಿಲ್ಲ. 6 ಇಂಚು ಎತ್ತಿದರೆ 27 ಡಿಗ್ರಿ ಆಗುತ್ತದೆ, ಆಗ ‘ಶ್ರೀ’ ಬಿದ್ದುಹೋಗುತ್ತಿರುವ ಹಾಗೆ ಕಾಣುತ್ತದೆ.

ಪ್ರಶ್ನೆ (ತೀರ್ಥಹಳ್ಳಿ):
ನಡುವೆ ಬಾಯಿ ಹಾಕ್ತಿದ್ದೀನಿ. ಸಂಘದ ದುಂಡನೆ ಸೀಲಿಗೂ ಇದೇ ನಡೆಯುತ್ತದಾ? ನನ್ನ ಹತ್ರ ಡಿಸೈನ್ ಸಾಫ್ಟ್‌ವೇರ್ ಅಂದ್ರೆ ಇಂಕ್‌ಸ್ಕೇಪ್ ಮಾತ್ರ ಇದೆ.

ಉತ್ತರ:
ಇಲ್ಲ, ದುಂಡಗೆ ಸುತ್ತುವಾಗ ಅಕ್ಷರ ತಿರುಗಲೇಬೇಕು, ಹಾಗಾಗಿ ಸೀಲಿಗೆ ಪಾತೇ ಬೇಕು. ಯೂನಿಕೋಡ್ ಫಾಂಟ್ ಬಳಸಿ (‘ಬಾಲೂ ತಮ್ಮ’ ಅನ್ನುವ ಫಾಂಟ್ ಉಚಿತ, ದಪ್ಪಗಿದೆ), ಬರಹ ಮತ್ತು ವೃತ್ತ ಎರಡನ್ನೂ ಹಿಡಿದು ‘ಪುಟ್ ಆನ್ ಪಾತ್’ ಕೊಡಿ. ಯೂನಿಕೋಡಿನಲ್ಲಿ ಒತ್ತು ತನ್ನ ಅಕ್ಷರದ ಜೊತೆಗೇ ತಿರುಗುತ್ತದೆ.

ಆದ್ರೆ ಕಮಾನಿನ ಕೆಳಗೆ ಜಾಗ ಕಮ್ಮಿ, ನಮ್ಮ ಒತ್ತುಗಳು ನೇತಾಡುವುದೂ ಅಲ್ಲೇ. ಬರಹ ಕೂರುವ ವೃತ್ತದ ತ್ರಿಜ್ಯ 20 ಮಿಲಿಮೀಟರ್, ಒತ್ತು 3 ಮಿಲಿಮೀಟರ್ ಇಳಿದಿದೆ ಅಂದುಕೊಳ್ಳಿ. ಒತ್ತಿನ ತುದಿಯಲ್ಲಿ ಜಾಗ ಶೇಕಡಾ 15 ಕಮ್ಮಿಯಾಗುತ್ತದೆ. ಇಂಗ್ಲಿಷ್‌ನಲ್ಲಿ ಸಲೀಸಾಗಿ ಬರುವ ಸೀಲು ಕನ್ನಡದಲ್ಲಿ ಗಿಜಿಗಿಜಿ ಆಗುವುದು ಇದಕ್ಕೇ. ಅಕ್ಷರಗಳ ನಡುವಿನ ಅಂತರ ಜಾಸ್ತಿ ಮಾಡಿ, ಸಾಲದಿದ್ದರೆ ಅಕ್ಷರವನ್ನೇ ಚಿಕ್ಕದು ಮಾಡಿ. ‘ವಿವಿಧೋದ್ದೇಶ ಸಹಕಾರ ಸಂಘ ನಿಯಮಿತ’ ಅಂತ ಇಡೀ ಹೆಸರು ಒಂದೇ ಸುತ್ತಿನಲ್ಲಿ ಹಿಡಿಯಲೇಬೇಕು ಅಂತ ಕಾರ್ಯದರ್ಶಿ ಹಟ ಹಿಡಿದರೆ ಊರಿನ ಹೆಸರನ್ನಾದರೂ ನಡುವೆ ನೇರವಾಗಿ ಹಾಕಿಬಿಡಿ.

ಪ್ರಶ್ನೆ (ಸಾಗರ):
ಕಟಿಂಗ್‌ಗೆ ಕೊಟ್ಟೆ ಸರ್, ಒಂದೂ ತೂತಿಲ್ಲ.