ಇಡಿಸಿ ಕನೆಕ್ಟರ್: ಒಪ್ಪಂದ ‘ರಿಕ್ವೆಸ್ಟೆಡ್’ನಲ್ಲೇ ನಿಂತಿದೆ, ಎಲ್ಲಿ ನೋಡಬೇಕು?

ಬಿಡಿಭಾಗ_ಐಟಿ:
ಜರ್ಮನಿಯ ಕಾರು ಉದ್ಯಮದ ಕ್ಯಾಟೀನಾ-ಎಕ್ಸ್ ಡೇಟಾ ಹಂಚಿಕೆ ಜಾಲಕ್ಕೆ ಸೇರುವ ಮುಂಚೆ ಒಳಗೇ ಪರೀಕ್ಷೆ ಮಾಡುತ್ತಿದ್ದೇವೆ. ಹಂಚಬೇಕಾದದ್ದು ಬಿಡಿಭಾಗಗಳ ಕಾರ್ಬನ್ ಲೆಕ್ಕ. ಎಕ್ಲಿಪ್ಸ್‌ನ ಇಡಿಸಿ ಕನೆಕ್ಟರ್ (ಷರತ್ತಿಗೆ ಒಪ್ಪಿದವರಿಗೆ ಮಾತ್ರ ಡೇಟಾ ಕೊಡುವ ತಂತ್ರಾಂಶ) ಎರಡು, ಒಂದು ಡೇಟಾ ಕೊಡುವವರದು, ಇನ್ನೊಂದು ಪಡೆಯುವವರದು, ಡಾಕರ್ ಕಂಟೇನರ್‌ಗಳ ಒಳಗೆ. ಎರಡೂ ಒಂದೇ ಸರ್ವರ್‌ನಲ್ಲಿದ್ದಾಗ ಒಪ್ಪಂದ ಆಗುತ್ತಿತ್ತು. ಈಗ ಬೇರೆ ಬೇರೆ ಸರ್ವರ್. ಕ್ಯಾಟಲಾಗ್ (ಸಿಗುವ ಡೇಟಾದ ಪಟ್ಟಿ) ಬರುತ್ತದೆ, ನೆಗೋಷಿಯೇಷನ್ (ಒಪ್ಪಂದದ ಮಾತುಕತೆ) ಮಾತ್ರ ಪಡೆಯುವವರ ಕಡೆ ‘ರಿಕ್ವೆಸ್ಟೆಡ್’ (ಕೋರಿಕೆ ಹೋಗಿದೆ) ಹಂತ ದಾಟುವುದಿಲ್ಲ. ಎರರ್ ಕೂಡ ಇಲ್ಲ. ಇನ್ನೊಂದು ವಿಚಿತ್ರ: ಬಳಕೆಯ ಉದ್ದೇಶದ ಷರತ್ತಿಗೆ ಬಾಯಿಗೆ ಬಂದ ಮೌಲ್ಯ ಕೊಟ್ಟರೂ ಮೊದಲು ಪಾಸಾಗುತ್ತಿತ್ತು.

ಪೋರ್ಟ್_ಪರಿಶೀಲಕ:
ಕ್ಯಾಟಲಾಗ್‌ನ ಉತ್ತರ ಅದೇ ಎಚ್‌ಟಿಟಿಪಿ ಕರೆಯಲ್ಲಿ ವಾಪಸ್ ಬರುತ್ತದೆ. ನೆಗೋಷಿಯೇಷನ್ ಹಾಗಲ್ಲ. ಕೊಡುವವರ ಕನೆಕ್ಟರ್, ನೀವು ಕಳಿಸಿದ ಕಾಲ್‌ಬ್ಯಾಕ್ ವಿಳಾಸಕ್ಕೆ ತಾನೇ ಹೊಸ ಕರೆ ಮಾಡಬೇಕು. ಅಲ್ಲಿ ಲೋಕಲ್‌ಹೋಸ್ಟ್ ಎಂದಿದ್ದರೆ ಅದು ತನ್ನನ್ನೇ ಕರೆದುಕೊಳ್ಳುತ್ತದೆ, ಡಾಕರ್ ಒಳಗಿನ ಹೆಸರಿದ್ದರೆ ಬೇರೆ ಸರ್ವರ್‌ನಿಂದ ಅದು ಸಿಗುವುದೇ ಇಲ್ಲ. ಒಂದೇ ಸರ್ವರ್‌ನಲ್ಲಿ ನಡೆದದ್ದು ಇಲ್ಲಿ ನಿಂತದ್ದಕ್ಕೆ ಬಹುತೇಕ ಇದೇ ಕಾರಣ. ಕೊಡುವವರ ಲಾಗ್ ನೋಡಿ, ‘ಅಗ್ರೀಯಿಂಗ್’ (ಒಪ್ಪಿಗೆ ಕಳಿಸುವ) ಹಂತದಲ್ಲಿ ಮತ್ತೆ ಮತ್ತೆ ಪ್ರಯತ್ನ ಕಾಣಬೇಕು.

ಪಡೆಯುವವರ ಕಡೆ ಡಿಎಸ್‌ಪಿ (ಕನೆಕ್ಟರ್‌ಗಳು ಪರಸ್ಪರ ಮಾತಾಡುವ ಪ್ರೋಟೋಕಾಲ್) ಕಾಲ್‌ಬ್ಯಾಕ್ ವಿಳಾಸಕ್ಕೆ ಹೊರಗಿನಿಂದ ತಲುಪುವ ಎಚ್‌ಟಿಟಿಪಿಎಸ್ ಹೆಸರು ಕೊಡಿ. ಫೈರ್‌ವಾಲ್‌ನಲ್ಲಿ ಡಿಎಸ್‌ಪಿ ಪೋರ್ಟ್ ತೆರೆಯಿರಿ. ಕನೆಕ್ಟರನ್ನು ನಿಯಂತ್ರಿಸುವ ಮ್ಯಾನೇಜ್‌ಮೆಂಟ್ ಎಪಿಐ ಪೋರ್ಟನ್ನು ಮಾತ್ರ ಯಾವ ಕಾರಣಕ್ಕೂ ಹೊರಗೆ ಬಿಡಬೇಡಿ. ಆಮೇಲೆ ಕೊಡುವವರ ಕಂಟೇನರ್ ಒಳಗಿನಿಂದಲೇ ಆ ವಿಳಾಸಕ್ಕೆ ಕರ್ಲ್ ಕಮಾಂಡ್ ಹೊಡೆದು ನೋಡಿ. ನಿಮ್ಮ ಲ್ಯಾಪ್‌ಟಾಪ್‌ನಿಂದ ಹೊಡೆದರೆ ಏನೂ ಸಾಬೀತಾಗದು. ನಡುವೆ ರಿವರ್ಸ್ ಪ್ರಾಕ್ಸಿ ಇದ್ದರೆ ಅದು ವಿಳಾಸದ ಪಾತ್ ಕತ್ತರಿಸುತ್ತಿದೆಯೇ ಎಂಬುದನ್ನೂ ಗಮನಿಸಿ. ಸರಿಪಡಿಸಿದ ಮೇಲೆ ಹೊಸ ನೆಗೋಷಿಯೇಷನ್ ಶುರು ಮಾಡಿ.

ಷರತ್ತು_ಶಾಸ್ತ್ರಿ:
ನಿಮ್ಮ ಎರಡನೇ ಸಮಸ್ಯೆಯೇ ಹೆಚ್ಚು ಅಪಾಯಕಾರಿ. ಓಡಿಆರ್‌ಎಲ್‌ (ಬಳಕೆಯ ಷರತ್ತು ಬರೆಯುವ ಭಾಷೆ) ನಲ್ಲಿ ಷರತ್ತು ಬರೆದ ಮಾತ್ರಕ್ಕೆ ಇಡಿಸಿ ಅದನ್ನು ಪರೀಕ್ಷಿಸುವುದಿಲ್ಲ. ಷರತ್ತಿನ ಎಡಬದಿಯ ಹೆಸರನ್ನು ಆಯಾ ಸ್ಕೋಪ್‌ಗೆ (ಷರತ್ತು ಪರೀಕ್ಷಿಸುವ ಹಂತಕ್ಕೆ) ಬೈಂಡ್ ಮಾಡದಿದ್ದರೆ, ಅಂದರೆ ಜೋಡಿಸದಿದ್ದರೆ, ಎಂಜಿನ್ ಅದನ್ನು ಸದ್ದಿಲ್ಲದೆ ಸೋಸಿ ಬಿಸಾಡುತ್ತದೆ, ಪಾಲಿಸಿ ಪಾಸಾಗುತ್ತದೆ. ಕ್ಯಾಟಲಾಗ್, ನೆಗೋಷಿಯೇಷನ್, ಟ್ರಾನ್ಸ್‌ಫರ್: ಮೂರೂ ಬೇರೆ ಸ್ಕೋಪ್. ಎಲ್ಲೆಲ್ಲಿ ತಡೆಯಬೇಕೋ ಅಲ್ಲೆಲ್ಲ ಬೈಂಡ್ ಮಾಡಿ, ಪರೀಕ್ಷಿಸುವ ಫಂಕ್ಷನ್ ಬರೆದು ನೋಂದಾಯಿಸಿ. ಪ್ರತಿ ಷರತ್ತಿಗೂ ಬೇಕೆಂದೇ ಸೋಲುವ ಒಂದು ಟೆಸ್ಟ್ ಇರಲಿ.

ಡೇಟಾ ಯಾರಿಗೆ ಕಾಣಬೇಕು ಎಂದು ಹೇಳುವ ಆಕ್ಸೆಸ್ ಪಾಲಿಸಿಯದು ಇನ್ನೊಂದು ಥರ. ಅದು ಸೋತರೆ ಆ ಅಸೆಟ್ (ಹಂಚಲು ಇಟ್ಟ ಡೇಟಾ) ಕ್ಯಾಟಲಾಗ್‌ನಲ್ಲಿ ಕಾಣುವುದೇ ಇಲ್ಲ, ಎರರ್ ಕೂಡ ಬರುವುದಿಲ್ಲ.

ದತ್ತ_ಕಾವಲು:
ಫಂಕ್ಷನ್ ಬರೆದರೂ ಅದು ಕಾಯುವುದು ಬಾಗಿಲವರೆಗೆ ಮಾತ್ರ. ಡೇಟಾ ಆಚೆ ಹೋದ ಮೇಲೆ ನಕಲು ಮಾಡುವುದನ್ನು ಕನೆಕ್ಟರ್ ತಡೆಯದು, ಅಲ್ಲಿ ಕೆಲಸಕ್ಕೆ ಬರುವುದು ಕಾನೂನು ಒಪ್ಪಂದ. ಹಾಗಾಗಿ ಇಡೀ ಫೈಲ್ ಪುಷ್ ಮಾಡುವ ಬದಲು ಬಿಡಿಭಾಗದ ಸಂಖ್ಯೆ ಕೇಳಿ ಉತ್ತರಿಸುವ ಎಪಿಐ ಇಟ್ಟು, ಅಲ್ಪಾವಧಿಯ ಟೋಕನ್ ಮೂಲಕ ಪುಲ್ ಮಾಡಿಸಿ. ಇನ್ನು, ಡಿಫಾಲ್ಟ್ ಸೆಟ್ಟಿಂಗ್‌ನಲ್ಲಿ ಎಲ್ಲವೂ ಮೆಮೊರಿಯಲ್ಲೇ ಇರುತ್ತದೆ. ಕಂಟೇನರ್ ರೀಸ್ಟಾರ್ಟ್ ಆದರೆ ಒಪ್ಪಂದಗಳೂ ಹೋದವು. ಪೋಸ್ಟ್‌ಗ್ರೆಸ್ ಡೇಟಾಬೇಸ್ ಈಗಲೇ ಜೋಡಿಸಿ, ಕೀಲಿಗಳನ್ನು ವಾಲ್ಟ್‌ನಲ್ಲಿ (ಗುಟ್ಟಿನ ಕೀಲಿಗಳ ಭದ್ರ ಸಂಗ್ರಹದಲ್ಲಿ) ಇಡಿ.