ಕುಮ್ಮಕ್ಕೋ, ದುಷ್ಪ್ರೇರಣೆಯೋ?

ಗೆಳೆಯರೆ,

ನಗರಸಭೆ ಸದಸ್ಯರ ಮನೆ ಮೇಲೆ ಲೋಕಾಯುಕ್ತ ದಾಳಿಯಾದ ಸುದ್ದಿಗಳಲ್ಲಿ 'ಕುಮ್ಮಕ್ಕು ನೀಡಿದ ಆರೋಪದಡಿ ಪತ್ನಿ, ಮಗನ ಮೇಲೂ ಪ್ರಕರಣ' ಎಂಬಂಥ ಸಾಲು ಕಾಣುತ್ತದೆ. ಕಾನೂನಿನ ಕನ್ನಡದಲ್ಲಿ ಇದೇ ಅಪರಾಧಕ್ಕೆ 'ದುಷ್ಪ್ರೇರಣೆ' ಎನ್ನುತ್ತಾರೆ.

ನನ್ನ ತಕರಾರು ಈ ಎರಡನೆಯದರ ಮೇಲೆ. ಪ್ರೇರಣೆ ಎಂದಮೇಲೆ ಒಬ್ಬರು ಇನ್ನೊಬ್ಬರ ತಲೆಯಲ್ಲಿ ಹುಳ ಬಿಟ್ಟಿರಬೇಕು. ಹೆಂಡತಿ ಹೆಸರಿಗೆ ಸೈಟು ಬರೆಸುವಾಗ ಆಕೆ 'ಲಂಚ ತಗೊಳ್ರೀ' ಎಂದು ಗಂಡನ ಕಿವಿ ಊದಿರಬೇಕಿಲ್ಲವಲ್ಲ. ಎಲ್ಲ ಗೊತ್ತಿದ್ದೂ ನೆರವಾಗಲೆಂದೇ ಸಹಿ ಹಾಕಿದರೂ ಸಿಕ್ಕಿಬೀಳುತ್ತಾಳೆ. ದಂಡ ಸಂಹಿತೆಯ 107ನೇ ಕಲಂ (ಈಗ ಭಾರತೀಯ ನ್ಯಾಯ ಸಂಹಿತೆಯ 45) ಎತ್ತಿಕಟ್ಟುವುದು, ಸಂಚಿನಲ್ಲಿ ಸೇರುವುದು, ಬೇಕೆಂದೇ ನೆರವಾಗುವುದು, ಮೂರನ್ನೂ ಒಂದೇ ಚೀಲಕ್ಕೆ ತುಂಬಿದೆ. ಅಕ್ರಮ ಆಸ್ತಿ ಪ್ರಕರಣದಲ್ಲಿ ಸರ್ಕಾರಿ ಹುದ್ದೆಯಿಲ್ಲದವರನ್ನೂ ಇದರಡಿ ವಿಚಾರಿಸಬಹುದೆಂದು ಸುಪ್ರೀಂ ಕೋರ್ಟ್ 1999ರಲ್ಲೇ ಹೇಳಿತ್ತು. ಜಯಲಲಿತಾ ಅವರ ಅಕ್ರಮ ಆಸ್ತಿ ಪ್ರಕರಣದಲ್ಲಿ ಅವರ ಆಪ್ತ ವಲಯದ ಶಶಿಕಲಾ, ಇಳವರಸಿ, ಸುಧಾಕರನ್ 2014ರಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯದಲ್ಲಿ ತಪ್ಪಿತಸ್ಥರಾದದ್ದರಲ್ಲಿ ಈ ಆರೋಪವೂ ಇತ್ತು. ಹೈಕೋರ್ಟ್ 2015ರಲ್ಲಿ ಬಿಟ್ಟಿತು, 2017ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಹಿಡಿಯಿತು.

ಇನ್ನು ಕುಮ್ಮಕ್ಕು. ಇದು ತುರ್ಕಿ ಮೂಲದ 'ಕುಮಕ್', ಪಾರಸಿ-ಉರ್ದು ದಾರಿಯಲ್ಲಿ ನಮ್ಮಲ್ಲಿಗೆ ಬಂದದ್ದು. ಅರ್ಥ ನೆರವು; ದಂಡಿಗೆ ಬೆಂಬಲವಾಗಿ ಕಳಿಸುವ ಹೆಚ್ಚಿನ ಪಡೆಯೂ ಹೌದು. ದಕ್ಷಿಣ ಕನ್ನಡದ 'ಕುಮ್ಕಿ' ಜಮೀನು ಇದರ ಒಡಹುಟ್ಟು: ವರ್ಗ ಜಮೀನಿಗೆ (ಕೃಷಿಕನ ಪಟ್ಟಾ ಜಮೀನಿಗೆ) ಒತ್ತಿಕೊಂಡ ಸರ್ಕಾರಿ ಜಾಗ, ಅಲ್ಲಿಂದ ಸೊಪ್ಪು ಸೌದೆ ತರುವುದು ಕೃಷಿಕನಿಗೆ ನೆರವು. ಅಲ್ಲಿ ಪದಕ್ಕೆ ಕಳಂಕವೇ ಇಲ್ಲ!

ಹೀಗಾಗಿ ಕಲಮಿನ ಮೂರನೆಯ ಅರ್ಥಕ್ಕೆ ಪತ್ರಿಕೆಯವರ ಪದವೇ ಹತ್ತಿರ ಎನ್ನಬೇಕೆಂದಿದ್ದೆ. ಒಂದೇ ತೊಡಕು. 'ಅವನ ಕುಮ್ಮಕ್ಕಿನಿಂದಲೇ ಇವನು ಹಾರಾಡೋದು' ಎನ್ನುವಾಗ ಕುಮ್ಮಕ್ಕು ಕೊಡುವವನು ಬಲಶಾಲಿ. ಇಲ್ಲಿ ಬಲವೆಲ್ಲ ಸದಸ್ಯರದು, ಹೆಂಡತಿಯದು ಬರೀ ಹೆಸರು. 'ಶಾಮೀಲು' ಎಂದರೆ ಸಂಚಿಗೆ ಸರಿ, ನೆರವಿಗೆ ಸಾಲದು. 'ಒತ್ತಾಸೆ' ತೀರಾ ಸಜ್ಜನ ಪದ.

ನಿಮ್ಮ ಕಡೆ ಏನೆನ್ನುತ್ತಾರೆ? ಕುಮ್ಕಿಯಲ್ಲಿ ಉಳಿದಿರುವಂತೆ, 'ಕುಮ್ಮಕ್ಕು' ಎಂಬುದನ್ನೂ ಒಳ್ಳೆಯ ನೆರವಿನ ಅರ್ಥದಲ್ಲಿ ಈಗಲೂ ಬಳಸುವ ಊರು ಇದೆಯೇ? ಕಲಬುರಗಿ, ಬೀದರ್ ಕಡೆಯವರು ಹೇಳಿಯಾರೇ?